ಬೇವಿನ ಕಡ್ಡಿಯ ಡಾಕ್ಟರಕ್ಕ

ಡಾಕ್ಟರಕ್ಕನ ಕಿವಿಯಲ್ಲಿ ಓಲೆ ಇರುತ್ತಿರಲಿಲ್ಲ. ಓಲೆಯ ತೂತಿನಲ್ಲಿ ಬೇವಿನ ಕಡ್ಡಿಯ ಚೂರು ಇರುತ್ತಿತ್ತು. ಕಿವಿ ಚುಚ್ಚಿಸಿಕೊಂಡ ಸಣ್ಣ ಹುಡುಗಿಯರಿಗೆ ತೂತು ಮುಚ್ಚಿಹೋಗದಿರಲಿ ಎಂದು ಹಾಕುತ್ತಾರಲ್ಲ, ಅಂಥದ್ದು. ಕೈಯಲ್ಲಿ ಬಳೆಯಿಲ್ಲ, ಕೊರಳು ಬರಿದು, ನರೆತ ಕೂದಲಿನ ಗಂಟಿಗೆ ಪಿನ್ನಿನ ಬದಲು ಒಂದು ಬಟ್ಟೆಯ ಪಟ್ಟಿ. ಮೊದಲ ಸಲ ನೋಡಿದಾಗ ನಮ್ಮವ್ವ ನನ್ನ ಹತ್ತಿರ ಬಗ್ಗಿ, "ಇವರು ಖರೇನ ಡಾಕ್ಟರೇನು? ಆಯಾ ಇದ್ದಂಗ ಕಾಣತಾರ" ಎಂದು ಪಿಸುಗುಟ್ಟಿದ್ದಳು.

ಅವರು ದಿನದ ಅರ್ಧ ಹೊತ್ತು ಎಂ.ಆರ್.ಐ. ಯಂತ್ರದ ಕೋಣೆಗೆ ಹೋಗಿಬರುತ್ತಿದ್ದರು. ಮಿದುಳಿನ ಚಿತ್ರ ತೆಗೆಯುವ ಆ ಯಂತ್ರವೆಂದರೆ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ ಅಯಸ್ಕಾಂತ. ಅದರ ಹತ್ತಿರ ಲೋಹ ಒಯ್ಯುವಂತಿಲ್ಲ. ಪ್ರತಿ ಸಲ ಬಿಚ್ಚಿ ಹಾಕಿಕೊಳ್ಳುವ ತಾಪತ್ರಯ ಯಾರಿಗೆ ಬೇಕು ಎಂದು ಒಂದು ದಿನ ಎಲ್ಲವನ್ನೂ ಬಿಚ್ಚಿಟ್ಟವರು ಮತ್ತೆ ಹಾಕಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ಊರಿಗೆಲ್ಲ ಅವರು ಡಾಕ್ಟರಮ್ಮ. ನಮ್ಮ ಮನೆಗೆ ಮಾತ್ರ ಡಾಕ್ಟರಕ್ಕ.

ನಾನು ಅವರ ರೋಗಿ. ರೋಗದ ಹೆಸರು ಸ್ಕಿಜೋಫ್ರೇನಿಯಾ. ಹೆಸರು ಕೇಳಿದ ಕೂಡಲೇ ಎದುರಿಗಿದ್ದವರು ತಮ್ಮ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸುತ್ತಾರೆ. ಅದಕ್ಕೇ ಮೊದಲಿಗೇ ಹೇಳಿಬಿಡುವುದು ನನ್ನ ರೂಢಿ. ಸರಿಸುವವರು ಸರಿಸಲಿ.

ನಮ್ಮದು ಬೀದರ ಕಡೆಯ ಮನೆತನ. ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದವರು. ಅಪ್ಪನಿಗೆ ಸಿಕಂದರಾಬಾದಿನಲ್ಲಿ ಸರಕಾರಿ ಕಚೇರಿ, ಮನೆ ಲಿಂಗಂಪಲ್ಲಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಜಾರಿಗೆ ಹೋದರೆ ಹಿಂದಿ. ಹೀಗೆ ಬೆಳೆದವರಿಗೆ ಒಂದು ಚಾಳಿ ಇರುತ್ತದೆ. ಬಸ್ಸಿನಲ್ಲೋ ಪ್ಲಾಟ್‌ಫಾರಮ್ಮಿನಲ್ಲೋ ಎಲ್ಲಾದರೂ ಕನ್ನಡ ಕಿವಿಗೆ ಬಿದ್ದರೆ ಸಾಕು, ಕತ್ತು ತಾನಾಗಿ ತಿರುಗುತ್ತದೆ. ಗುರುತಿಲ್ಲದವರನ್ನೂ "ಯಾವೂರ್ರಿ ನಿಮ್ದು?" ಎಂದು ಕೇಳದೆ ಇರಲಾಗುವುದಿಲ್ಲ.

ನನ್ನ ರೋಗ ಶುರುವಾದದ್ದು ಈ ಚಾಳಿಯ ಸಂದಿಯಿಂದ. ಬಿ.ಎಸ್ಸಿ. ಮುಗಿಸಿ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿಗೆ ಸೇರಿದ್ದೆ. ಕಂಪನಿಯ ಬಸ್ಸಿನಲ್ಲಿ ಹೋಗುವಾಗ ಹಿಂದಿನ ಸೀಟಿನಿಂದ ಕನ್ನಡ ಕೇಳಿಸತೊಡಗಿತು. ಒಬ್ಬ ಗಂಡಸು, ಒಬ್ಬ ಹೆಂಗಸು. "ಈಗ ಕಿಡಕಿ ಕಡೆ ಕುಂತಾನ ನೋಡು." "ಹೂಂ, ಡಬ್ಬಿ ತಗದಾನ." ನನಗೆ ಖುಷಿಯೇ ಆಯಿತು. ನಮ್ಮ ಕಡೆಯವರು ಯಾರೋ ಹೊಸದಾಗಿ ಸೇರಿದ್ದಾರೆ ಎಂದುಕೊಂಡು ತಿರುಗಿ ನೋಡಿದರೆ ಅಲ್ಲಿ ಇಬ್ಬರು ತೆಲುಗು ಹುಡುಗರು ನಿದ್ದೆ ಹೊಡೆಯುತ್ತಿದ್ದರು. ದಿನಾ ತಿರುಗಿ ನೋಡಿದೆ. ಕೊನೆಗೊಂದು ದಿನ ಎದ್ದುಹೋಗಿ ಆ ಹುಡುಗರನ್ನೇ "ಯಾವೂರ್ರಿ ನಿಮ್ದು?" ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಆ ಇಬ್ಬರು ಬಸ್ಸು ಬಿಟ್ಟು ಇಳಿದು ನಮ್ಮ ಮನೆಗೂ ಬಂದರು. ನಾನು ಎದ್ದರೆ ಎದ್ದ ಎನ್ನುವರು, ಚಹಾ ಕುಡಿದರೆ ಕುಡಿದ ಎನ್ನುವರು. ಮೊದಲು ಬರೀ ವರದಿ, ಬರಬರುತ್ತಾ ಕುಚೋದ್ಯ, ಆಮೇಲೆ ಅಪ್ಪಣೆ. ಅವ್ವನಿಗೆ ಹೇಳಿದರೆ "ಯಾರೂ ಇಲ್ಲಪಾ" ಎಂದು ಅಳುವಳು. ಅಪ್ಪನಿಗೆ ಹೇಳಿದರೆ "ಏನೂ ಇಲ್ಲಲೇ, ನಿದ್ದಿ ಕಡಿಮಿ ಆಗೇತಿ" ಎನ್ನುವರು. ಯಾರೂ ಇಲ್ಲ, ಏನೂ ಇಲ್ಲ ಎನ್ನುವ ಮಾತು ಕೇಳಿ ಕೇಳಿ ನನಗೆ ಆ ಇಬ್ಬರಿಗಿಂತ ಮನೆಯವರ ಮೇಲೆಯೇ ಸಂಶಯ ಹುಟ್ಟಿತ್ತು.

ಊರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಕಿರಿಯ ಡಾಕ್ಟರೊಬ್ಬರು ತೆಲುಗಿನಲ್ಲಿ, ಕಿವಿಯಲ್ಲಿ ಮಾತು ಕೇಳಿಸುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅದು ಸುಳ್ಳಲ್ಲ, ಮಾತು ಕಿವಿಯಲ್ಲಿ ಎಲ್ಲಿತ್ತು, ಬೆನ್ನ ಹಿಂದೆ ಇತ್ತು. ಅವರು ಇಲ್ಲ ಎಂದೇ ಬರೆದುಕೊಂಡರು. ಅವ್ವ ತಡೆಯಲಾರದೆ ಅಪ್ಪನಿಗೆ ಕನ್ನಡದಲ್ಲಿ, "ಹಿಂದ ಯಾರೋ ಕುಂತು ಮಾತಾಡತಾರ ಅಂತಾನಲ್ರಿ, ಅದನ್ನ ಹೇಳ್ರಿ" ಎಂದಳು. ಕೋಣೆಯ ಮೂಲೆಯಲ್ಲಿ ಏನೋ ಓದುತ್ತಾ ಕೂತಿದ್ದ, ಅವ್ವ ಆಯಾ ಎಂದುಕೊಂಡಿದ್ದ ಹೆಂಗಸು ತಲೆಯೆತ್ತಿದರು. ಕುರ್ಚಿಯನ್ನು ಹಿಂದಕ್ಕಲ್ಲ, ಮುಂದಕ್ಕೆ ಎಳೆದುಕೊಂಡು ನನ್ನ ಎದುರಿಗೆ ಬಂದು ಕೂತರು.

"ತಮ್ಮಾ, ಮನ್ಯಾಗ ನಿನಗ ಯಾವ ಭಾಷಾದಾಗ ಬಯ್ತಾರ?"

"ಕನ್ನಡದಾಗರಿ."

"ಹಂಗಾರ ನನ್ನ ಜೋಡಿ ಕನ್ನಡದಾಗ ಮಾತಾಡು. ಆ ಹಿಂದ ಕುಂತವರು ಯಾವ ಭಾಷಾದಾಗ ಮಾತಾಡತಾರ?"

ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಕನ್ನಡವೆಂದೆ. ಹೂಂ, ಮುಂದ? ಎಂದರು. ಗಂಡಸೋ ಹೆಂಗಸೋ, ಎಡಗಡೆಯೋ ಬಲಗಡೆಯೋ, ಹತ್ತಿರವೋ ದೂರವೋ, ನಿನ್ನನ್ನು ನೀನು ಎನ್ನುತ್ತಾರೋ ಅವನು ಎನ್ನುತ್ತಾರೋ, ನೀನು ಊಟ ಮಾಡುವಾಗ ಸುಮ್ಮನಿರುತ್ತಾರೋ. ಒಂದೊಂದು ಉತ್ತರಕ್ಕೂ ಹೂಂ, ಮುಂದ? ಊರಿನಿಂದ ಬಂದ ನೆಂಟರ ಸುದ್ದಿ ವಿಚಾರಿಸಿದಂತೆ ವಿಚಾರಿಸಿದರು. ಆಗಲೂ ಆ ಹೆಂಗಸಿನ ದನಿ ನನ್ನ ಹಿಂದೆ "ಎಲ್ಲಾ ಬಾಯಿ ಬಿಟ್ಟ ನೋಡು" ಎನ್ನುತ್ತಿತ್ತು. ನಾನು ಡಾಕ್ಟರಕ್ಕನನ್ನು, "ಈಗ ಮಾತಾಡಿದ್ರಲ್ರಿ, ನಿಮಗ ಕೇಳಸ್ತೇನು?" ಎಂದು ಕೇಳಿಯೇಬಿಟ್ಟೆ.

ಅವರು ಕಡ್ಡಿಯಿದ್ದ ಕಿವಿಯನ್ನು ವಾಲಿಸಿ, ಉಸಿರು ಹಿಡಿದು ನಿಜವಾಗಿಯೂ ಆಲಿಸಿದರು. ಆಮೇಲೆ ಹೇಳಿದರು: "ಇಲ್ಲಪಾ, ನನಗ ಕೇಳಸೂದಿಲ್ಲ. ಆದ್ರ ನಿನಗ ಕೇಳತೈತಿ ಅನ್ನೋದು ಖರೇ."

ಇವತ್ತಿಗೂ ನನಗೆ ಇದಕ್ಕಿಂತ ಒಳ್ಳೆಯ ಮಾತು ಯಾರೂ ಆಡಿಲ್ಲ. ಅವರು ನನ್ನನ್ನು ಸುಳ್ಳ ಎನ್ನಲಿಲ್ಲ, ನನ್ನ ಸಮಾಧಾನಕ್ಕೆ ಕೇಳಿಸಿತು ಎನ್ನಲೂ ಇಲ್ಲ. ಕಾಲೂರಲು ಒಂದಿಷ್ಟು ಗಟ್ಟಿ ನೆಲ ಸಿಕ್ಕಿತು. ಗುಳಿಗೆ ತೆಗೆದುಕೊಳ್ಳಲು ಒಪ್ಪಿದೆ.

ಗುಳಿಗೆ ಶುರುಮಾಡುವ ಮುಂಚೆ ಅವರು ನನ್ನ ಮಿದುಳಿನ ಚಿತ್ರ ಕೇಳಿದರು. ರೋಗ ಹೊಸದಾಗಿ ಶುರುವಾದವರ ಮಿದುಳು ಹೇಗಿರುತ್ತದೆ, ಅದಕ್ಕೂ ಅವರಿಗೆ ಆಗುವ ತೊಂದರೆಗೂ ಏನು ಸಂಬಂಧ ಎನ್ನುವುದು ಅವರ ಅಧ್ಯಯನದ ವಿಷಯ. ಹೊಸಬರೇ ಯಾಕೆ ಎಂದು ಕೇಳಿದೆ. "ಹೆಜ್ಜಿ ಗುರುತು ನಸುಕಿನ್ಯಾಗ ನೋಡಬೇಕು. ಮಧ್ಯಾಹ್ನಕ್ಕ ಮಂದಿ ಎಲ್ಲಾ ತುಳದು ಹೋಗಿರತಾರ. ವರ್ಷಗಟ್ಟಲೆ ಬ್ಯಾನಿ, ವರ್ಷಗಟ್ಟಲೆ ಗುಳಿಗಿ. ಆಮ್ಯಾಲ ಯಾವುದು ಯಾರ ಹೆಜ್ಜಿ ಅಂತ ಹೆಂಗ ಹೇಳಬೇಕು?" ಎಂದರು. ಮತ್ತೆ ಅಪ್ಪ ಅವ್ವನ ಕಡೆಗೆ ತಿರುಗಿ, ಒತ್ತಿ ಒತ್ತಿ ಹೇಳಿದರು: "ಈ ಫೋಟೋದಿಂದ ನಿಮ್ಮ ಮಗಗ ಏನೂ ಉಪಯೋಗ ಇಲ್ರಿ. ಇದು ನಾ ಕಲೀಲಿಕ್ಕೆ. ಒಲ್ಲೆ ಅಂದ್ರೂ ಅವನ ಔಷಧ ನಿಲ್ಲಂಗಿಲ್ಲ."

ನಾನು ಒಪ್ಪಿದ್ದು ಬರೀ ಕುತೂಹಲಕ್ಕೆ. ಆ ಇಬ್ಬರು ಎಲ್ಲಿ ಕೂತಿದ್ದಾರೆ ಎನ್ನುವುದು ಚಿತ್ರದಲ್ಲಿ ಕಂಡೀತು ಎನ್ನುವ ಆಸೆ ನನ್ನದು. ಯಂತ್ರದೊಳಗೆ ಮಲಗಿದರೆ ತಗಡಿನ ಮೇಲೆ ಕಲ್ಲು ಸುರಿದಂಥ ಸದ್ದು. ಹೊರಗೆ ಬಂದ ಕೂಡಲೇ ಡಾಕ್ಟರಕ್ಕನ ಮೊದಲ ಪ್ರಶ್ನೆ, ಒಳಗೆ ಅವರು ಮಾತಾಡಿದರೇನು ಎಂದು.

"ಮಾತಾಡಿದ್ರರಿ. 'ಈಗ ಮಲಗ್ಯಾನ' ಅಂದ್ರು."

"ಆ ಸಪ್ಪಳದಾಗ ನಿನಗ ಹೆಂಗ ಕೇಳಿಸ್ತು?"

ಯೋಚಿಸಿ ನೋಡಿದೆ. "ಒದರಿ ಒದರಿ ಅಂದ್ರರಿ."

ಅವರು ಕಣ್ಣರಳಿಸಿದರು. ಹೊರಗಿನ ಸದ್ದು ಜೋರಾದರೆ ಒಳಗಿನವರೂ ದನಿ ಎತ್ತಬೇಕೇ, ಹಾಗಾದರೆ ಎರಡೂ ಸೇರುವ ಜಾಗ ಒಂದೇ ಏನು ಎಂದು ತಮ್ಮಷ್ಟಕ್ಕೇ ಗೊಣಗುತ್ತಾ ಚಪ್ಪಲಿ ಮರೆತು ಬರಿಗಾಲಲ್ಲಿ ಹೋಗಿಬಿಟ್ಟರು. ಅವರಿಗೆ ಹೊಸ ಪ್ರಶ್ನೆ ಸಿಕ್ಕರೆ ಹೀಗೇ ಆಗುತ್ತಿತ್ತು.

ಎಡವಟ್ಟಾದದ್ದು ಆಮೇಲೆ. ಯಂತ್ರದ ವಿಭಾಗದವರು ರೂಢಿಯಂತೆ ಒಂದು ವರದಿ ಕೊಟ್ಟಿದ್ದರು. ಗಡ್ಡೆ ಇಲ್ಲ, ಹಳೆಯ ಪೆಟ್ಟಿಲ್ಲ, ಅಸಹಜವಾದದ್ದು ಏನೂ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ಅಪ್ಪ ಜೀವಮಾನವಿಡೀ ಸರಕಾರಿ ಕಾಗದ ನಂಬಿ ಬದುಕಿದವರು. ಮುದ್ರೆ ಸಹಿ ಬಿದ್ದ ಮೇಲೆ ಅದೇ ಸತ್ಯ. ನನಗೋ ಅಷ್ಟರಲ್ಲಿ ಗುಳಿಗೆ ಹಿಡಿದು ದನಿಗಳು ಸಣ್ಣಗಾಗಿದ್ದವು. ಅಪ್ಪ ಪೇಢೆ ತಂದು ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಿ, "ತಲಿ ಫೋಟೋ ತಗದು ನೋಡ್ಯಾರ, ಏನೂ ಇಲ್ಲ" ಎಂದು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಹೇಳಿ ಬಂದರು. ಗುಳಿಗೆಯ ಡಬ್ಬಿ ಅಟ್ಟ ಸೇರಿತು. ಮಿದುಳು ಸರಿಯಿದ್ದ ಮೇಲೆ ಹಾಸಿಗೆಯಿಂದ ಏಳದ, ಸ್ನಾನ ಮಾಡದ, ಯಾರ ಜೊತೆಯೂ ಮಾತಾಡದ ಮಗನಿಗೆ ಇನ್ನು ಒಂದೇ ಹೆಸರು ಉಳಿದಿತ್ತು. "ಮೈಗಳ್ಳತನ ಬಿಡು, ಏಳು" ಎಂದು ಬೆಳಿಗ್ಗೆ ಚಾದರ ಎಳೆದು ಕೆಲಸಕ್ಕೆ ಅಟ್ಟತೊಡಗಿದರು.

ಕೆಲವು ವಾರಗಳಲ್ಲಿ ಆ ಇಬ್ಬರು ಮರಳಿ ಬಂದರು, ಮೊದಲಿಗಿಂತ ಜೋರಾಗಿ. ಒಂದು ದಿನ ಕೆಲಸ ಮುಗಿಸಿ ಹೊರಡುವಾಗ ಹೆಂಗಸಿನ ದನಿ, ಬಸ್ಸು ಹತ್ತಿದರೆ ನಿಮ್ಮವ್ವ ಉಳಿಯುವುದಿಲ್ಲ ಎಂದಿತು. ಕಂಪನಿ ಬಸ್ಸು ಬಿಟ್ಟೆ. ಪಟಾನ್‌ಚೆರುವಿನ ಬಸ್‌ಸ್ಟಾಪಿನಲ್ಲಿ ಕೂತು ಬಂದ ಬಂದ ಬಸ್ಸುಗಳನ್ನೆಲ್ಲ ಕಳುಹಿಸುತ್ತಾ ಹೋದೆ. ಅಪ್ಪ ಹುಡುಕಿಕೊಂಡು ಬಂದು ಕೈ ಹಿಡಿದು ಎಳೆದಾಗ ಕಂಬ ತಬ್ಬಿಕೊಂಡು ಕೂಗಿದೆನಂತೆ. ಜನ ಸೇರಿತಂತೆ. ಆಟೊದಲ್ಲಿ ಮನೆಗೆ ಕರೆತಂದರು. ಆಟೊದ ಬಗ್ಗೆ ಆ ಹೆಂಗಸು ಏನೂ ಹೇಳಿರಲಿಲ್ಲವಾದ್ದರಿಂದ ಹತ್ತಿದೆ.

ಮರುದಿನ ಡಾಕ್ಟರಕ್ಕನ ಮುಂದೆ ಕೂತಾಗಲೂ ಅಪ್ಪ ವರದಿಯನ್ನು ಹಿಡಿದೇ ಇದ್ದರು. "ಇದರಾಗ ಏನೂ ಇಲ್ಲ ಅಂತ ಬರದಾರಲ್ರಿ. ಇಲ್ಲದ ಬ್ಯಾನಿಗೆ ಗುಳಿಗಿ ಯಾಕ?"

ಬೇರೆ ಡಾಕ್ಟರಾಗಿದ್ದರೆ ಸಿಡುಕುತ್ತಿದ್ದರು. ಡಾಕ್ಟರಕ್ಕ ಎದ್ದು ಬೀರುವಿನಿಂದ ಎರಡು ಫಿಲ್ಮು ತಂದು, ಹೆಸರಿದ್ದ ಮೂಲೆಗೆ ಕಾಗದ ಅಂಟಿಸಿ, ದೀಪದ ಹಲಗೆಯ ಮೇಲೆ ಜೋಡಿಸಿದರು. "ಸಾಹೇಬ್ರ, ಇದರಾಗ ಒಂದು ನಿಮ್ಮ ಮಗಂದು. ಇನ್ನೊಂದು ಒಬ್ಬರದು, ಅವರಿಗೆ ಈ ಬ್ಯಾನಿ ಇಲ್ಲ. ಯಾವುದು ಯಾರದು ಹೇಳ್ರಿ."

ಅಪ್ಪ ಕನ್ನಡಕ ಏರಿಸಿ ಕಡತ ಪರಿಶೀಲಿಸುವ ಠೀವಿಯಲ್ಲಿ ನಿಂತರು. ಅತ್ತ ಬಗ್ಗಿದರು, ಇತ್ತ ಬಗ್ಗಿದರು. ಒಂದರಲ್ಲಿ ನಡುವಿನ ಕಪ್ಪು ಜಾಗ ಎದ್ದು ಕಾಣುವಂತೆ ದೊಡ್ಡದಿತ್ತು, ಅಂಚಿನ ಮಡಿಕೆಗಳ ನಡುವೆಯೂ ಸಂದಿ ಹೆಚ್ಚು. ಅಪ್ಪನ ಮುಖ ಬಾಡಿತು. "ಇದು," ಎಂದು ಬೆರಳಿಟ್ಟರು. "ಇದರಾಗ ಒಳಗ ಟೊಳ್ಳಾಗೇತಿ. ಇದು ನನ್ನ ಮಗಂದು."

ಡಾಕ್ಟರಕ್ಕ ಕಾಗದ ಕಿತ್ತರು. "ಅದು ನಂದ್ರಿ."

ಯಂತ್ರವನ್ನು ಸರಿಪಡಿಸಿದಾಗೆಲ್ಲ ರೋಗಿಗಳಿಗಿಂತ ಮುಂಚೆ ತಾವೇ ಒಳಗೆ ಮಲಗಿ ನೋಡುವುದು ಅವರ ಪದ್ಧತಿಯಂತೆ. ವಯಸ್ಸಾದಂತೆ ಎಲ್ಲರ ಮಿದುಳೂ ಒಂದಿಷ್ಟು ಸೊರಗುತ್ತದೆ, ನಡುವಿನ ನೀರಿನ ಜಾಗ ಅಗಲವಾಗುತ್ತದೆ, ಹಾಗಾಗಿ ಹುಡುಗನದಕ್ಕಿಂತ ತಮ್ಮದೇ ಕೆಟ್ಟದಾಗಿ ಕಾಣುತ್ತದೆ ಎಂದು ವಿವರಿಸಿದರು. ಆಮೇಲೆ ಮೆತ್ತಗೆ ಹೇಳಿದರು: "ಒಂದು ಫೋಟೋ ನೋಡಿ ಬ್ಯಾನಿ ಐತಿ ಅಂತ ನನಗೂ ಹೇಳಾಕ ಬರಂಗಿಲ್ಲ. ಇಲ್ಲ ಅಂತನೂ ಹೇಳಾಕ ಬರಂಗಿಲ್ಲ. ಬಸ್‌ಸ್ಟಾಪಿನ್ಯಾಗ ಕಂಬ ಹಿಡಕೊಂಡು ಕುಂತಾನಲ್ಲ, ಬ್ಯಾನಿ ಅಲ್ಲೈತಿ ನೋಡ್ರಿ. ಹಾಸಿಗಿ ಬಿಟ್ಟು ಏಳವಲ್ಲ ಅಂತೀರಲ್ಲ, ಅದೂ ಅದೇ ಬ್ಯಾನಿ. ಮೈಗಳ್ಳತನ ಅಲ್ಲ."

ಅಪ್ಪ ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆದರೆ ಅವ್ವ ಬಿಡುವವಳಲ್ಲ. "ಒಂದು ಫೋಟೋದಾಗ ತಿಳಿಯಂಗಿಲ್ಲ ಅಂದ್ರ ಇಷ್ಟು ಮಂದೀದು ಯಾಕ ತಗೀತೀರಿ ಅಕ್ಕಾರ?"

ಡಾಕ್ಟರಕ್ಕ ಅವಳ ಕೈ ನೋಡಿದರು. "ರೊಟ್ಟಿ ಬಡೀತೀರೇನ್ರಿ? ಮದುವಿ ಮನ್ಯಾಗ ಇಬ್ಬರು ಕುಂತು ಬಡೀತಾರ ಅನ್ನಿ. ಒಬ್ಬಾಕಿ ರೊಟ್ಟಿ ಇನ್ನೊಬ್ಬಾಕಿದಕ್ಕಿಂತ ಕೂದಲೆಳಿಯಷ್ಟು ತೆಳು. ಒಂದು ರೊಟ್ಟಿ ತಗದು ಯಾರ ಕೈದು ಅಂತ ಹೇಳಾಕ ಆಗತೈತೇನು?"

"ನಾ ಹೇಳತೀನ್ರಿ," ಎಂದಳು ಅವ್ವ.

ಡಾಕ್ಟರಕ್ಕ ಬಿದ್ದು ಬಿದ್ದು ನಕ್ಕರು. "ಹಂಗಾರ ನಾಳಿಂದ ನಮ್ಮ ವಿಭಾಗಕ್ಕ ಬರ್ರಿ. ನನಗಂತೂ ಆಗಂಗಿಲ್ಲ. ಆದ್ರ ಇಬ್ಬರದೂ ನೂರು ನೂರು ರೊಟ್ಟಿ ಒಟ್ಟಿ ಬಾಜೂಕ ಇಟ್ರ, ಒಂದು ಒಟ್ಟು ಗಿಡ್ಡ ಕಾಣತೈತಿ. ಆಗ ನನ್ನಂಥಾಕಿಗೂ ಗೊತ್ತಾಗತೈತಿ. ನಾ ಒಟ್ಟಾಕತ್ತೀನ್ರಿ."

ಆ ಸಂಜೆ ಅಟ್ಟದಿಂದ ಗುಳಿಗೆಯ ಡಬ್ಬಿ ಇಳಿಸಿದವರು ಅಪ್ಪ. ನೀರಿನ ತಂಬಿಗೆ ಹಿಡಿದು, ನಾನು ನುಂಗುವವರೆಗೂ ನಿಂತಿದ್ದರು. ಮರುದಿನ ಬೆಳಿಗ್ಗೆ ಚಾದರ ಎಳೆಯಲಿಲ್ಲ. ಹಾಸಿಗೆಯ ಪಕ್ಕ ಬಂದು ಕೂತು, "ಸಾವಕಾಶ ಏಳು" ಎಂದರು. ಅಪ್ಪ ಈಗಿಲ್ಲ. ಅವರನ್ನು ನೆನೆದಾಗ ನನಗೆ ಮೊದಲು ನೆನಪಾಗುವುದು ಆ ಎರಡು ಶಬ್ದಗಳು, ಅವುಗಳನ್ನು ಅಪ್ಪನ ಬಾಯಿಗೆ ತಂದುಕೊಟ್ಟವರು ಡಾಕ್ಟರಕ್ಕ.

ಮುಂದೆ ವರ್ಷಗಟ್ಟಲೆ ಅವರಲ್ಲಿಗೆ ಹೋದೆ. ಲ್ಯಾಬಿನ ಕೆಲಸ ಹೋಯಿತು, ನಡುವೆ ಎರಡು ಸಲ ಆಸ್ಪತ್ರೆಯಲ್ಲೂ ಇದ್ದೆ. ಆಮೇಲೆ ಔಷಧದ ಪೆಟ್ಟಿಗೆಗಳ ಮೇಲಿನ ಅಕ್ಷರ ತಪ್ಪಿದೆಯೇ ನೋಡುವ ಕೆಲಸ ಸಿಕ್ಕಿತು, ಈಗಲೂ ಅದೇ ಮಾಡುತ್ತೇನೆ. ದನಿಗಳು ಪೂರಾ ಹೋಗಿಲ್ಲ. ಪಕ್ಕದ ಮನೆಯ ರೇಡಿಯೊ ಥರ, ಇದ್ದರೂ ಇರಲಿ ಎನ್ನುವಷ್ಟು ದೂರ ಹೋಗಿವೆ. ಡಾಕ್ಟರಕ್ಕ ಪ್ರತಿ ಸಲವೂ ಆ ಇಬ್ಬರ ಕ್ಷೇಮ ವಿಚಾರಿಸುತ್ತಿದ್ದರು. ಗಂಡಸು ಈಚೆಗೆ ಮಾತು ಕಡಿಮೆ ಮಾಡಿದ್ದಾನೆ ಎಂದರೆ, "ವಯಸ್ಸಾತು ಅವಗೂ" ಎನ್ನುವರು.

ಒಮ್ಮೆ ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅದರ ತುಂಬ ಚುಕ್ಕೆಗಳು, ನಡುವೆ ಓರೆಯಾಗಿ ಒಂದು ಗೆರೆ. ಒಂದೊಂದು ಚುಕ್ಕೆಯೂ ಒಬ್ಬ ರೋಗಿ. ಕಿವಿಯ ಮೇಲ್ಭಾಗಕ್ಕೆ, ಮಾತನ್ನು ಗ್ರಹಿಸುವ ಕಡೆ, ಮಿದುಳಿನ ಬೂದು ಪದರ ತೆಳ್ಳಗಾದಷ್ಟೂ ಇಲ್ಲದ ದನಿಗಳ ಕಾಟ ಹೆಚ್ಚು ಎಂದು ಒಟ್ಟಾರೆ ಆ ಗೆರೆ ಹೇಳುತ್ತಿತ್ತು. ಎಷ್ಟೋ ಚುಕ್ಕೆಗಳು ಗೆರೆಯ ಹತ್ತಿರವಿದ್ದವು. ಒಂದು ಮಾತ್ರ ಮೇಲೆ, ದೂರದಲ್ಲಿ, ಒಬ್ಬಂಟಿಯಾಗಿತ್ತು.

"ಇದು ನೀನು," ಎಂದರು. "ನಿನ್ನ ಪದರ ಎಲ್ಲಾರಂಗ ದಪ್ಪ ಐತಿ, ಕಾಟ ಮಾತ್ರ ಎಲ್ಲಾರಿಗಿಂತ ಹೆಚ್ಚಿತ್ತು. ನೀ ನನ್ನ ಗೆರಿ ಮ್ಯಾಲ ಕುಂದ್ರಂಗಿಲ್ಲ ನೋಡು."

ನನಗೆ ಇಲ್ಲಿಯೂ ನಾನು ಹೊರಗಿನವನೇ ಆದೆನಲ್ಲ ಅನಿಸಿತು. "ಅದಕ್ಕ ನಾ ಏನು ಮಾಡಬೇಕ್ರಿ?"

"ನೀ ಯಾಕ ಮಾಡಬೇಕು? ಗೆರಿ ವಿಚಾರ ಮಾಡಬೇಕು. ನನಗ ಗೊತ್ತಿಲ್ಲದ್ದು ಇನ್ನೂ ಐತಿ ಅಂತ ತೋರಸಾಕ ಒಬ್ಬನರ ಬೇಕಲ್ಲ." ಹೀಗೆ ಹೇಳುವಾಗ ಅವರ ಮುಖದಲ್ಲಿ ಬೇಸರವಿರಲಿಲ್ಲ, ಹಬ್ಬವಿತ್ತು. ತೆಳುವಾದದ್ದರಿಂದ ದನಿ ಬಂತೋ, ದನಿಗಳ ಕಾಟದಿಂದ ತೆಳುವಾಯಿತೋ ಎಂದು ಕೇಳಿದೆ. "ಗೊತ್ತಿಲ್ಲಪಾ" ಎಂದರು. ಗೊತ್ತಿಲ್ಲ ಎನ್ನುವುದನ್ನು ಅಷ್ಟು ನೆಮ್ಮದಿಯಿಂದ ಹೇಳುವ ಡಾಕ್ಟರನ್ನು ನಾನು ಮತ್ತೆ ನೋಡಲಿಲ್ಲ. ಮನೆಗೆ ಬರುವಾಗ ರೈಲಿನಲ್ಲಿ ನನಗೂ ಒಂದು ಬಗೆಯ ಹೆಮ್ಮೆಯೇ ಆಗಿತ್ತು.

ಅವರು ಹೋಗಿ ಈಗ ಎರಡು ವರ್ಷ. ಹೋಗುವ ಮೊದಲಿನ ವಾರ ಅವರ ಮಗಳು ಫೋನು ಮಾಡಿದ್ದಳು. ಡಾಕ್ಟರಕ್ಕನ ಯಜಮಾನರು ತೆಲುಗಿನವರು. ಮಗಳಿಗೆ ಕನ್ನಡ ಬಾರದು. ಮಿದುಳಿನ ರಕ್ತನಾಳದ ತೊಂದರೆಯಾಗಿ ಅಮ್ಮ ಹಾಸಿಗೆ ಹಿಡಿದಿದ್ದಾರೆ, ತೆಲುಗು ಇಂಗ್ಲಿಷು ಎರಡೂ ಬಿಟ್ಟುಹೋಗಿ ಬರೀ ಕನ್ನಡ ಮಾತಾಡುತ್ತಾರೆ, ನಮಗೆ ಯಾರಿಗೂ ತಿಳಿಯುತ್ತಿಲ್ಲ, ಒಮ್ಮೆ ಬರುವಿರಾ ಎಂದು ಕೇಳಿದಳು. ಮಧ್ಯಾಹ್ನವೇ ಸಿಕಂದರಾಬಾದಿನ ಅವರ ಮನೆಗೆ ಹೋದೆ.

ಮೊದಲು ಕಂಡದ್ದು ಕಿವಿ. ಎರಡೂ ಕಿವಿಯಲ್ಲಿ ಚಿನ್ನದ ಓಲೆಯಿತ್ತು, ಮಗಳು ಹಾಕಿದ್ದಳು. ಇನ್ನು ಯಂತ್ರದ ಕೋಣೆಗೆ ಹೋಗುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ ಅನಿಸಿ ನನಗೆ ಅಳು ಬಂತು. ಡಾಕ್ಟರಕ್ಕ ಗೋಡೆಯ ಕಡೆ ಕತ್ತು ವಾಲಿಸಿ ಏನನ್ನೋ ಹೇಳುತ್ತಿದ್ದರು. ನರ್ಸು "ಏಮೀ ಲೇದಮ್ಮಾ, ಪಡುಕೋಂಡಿ" ಎನ್ನುತ್ತಾ ಭುಜ ತಟ್ಟುತ್ತಿದ್ದಳು. ಏನೂ ಇಲ್ಲ, ಮಲಗಿರಿ ಎಂದು. ಆ ಮಾತು ನನಗೆ ಚೆನ್ನಾಗಿ ಗೊತ್ತು.

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತೆ. "ಅಕ್ಕಾರ, ಏನು ಕೇಳಸಾಕತ್ತೈತ್ರಿ?"

ಅವರು ನನ್ನನ್ನು ನೋಡಿದರು. ಗುರುತು ಹತ್ತಿತೋ ಇಲ್ಲವೋ. "ರೊಟ್ಟಿ ಬಡಿಯಾಕತ್ತಾರ."

"ಯಾವ ಕಡೆರಿ, ಎಡಕ್ಕೋ ಬಲಕ್ಕೋ?"

"ಬಲಕ್ಕ."

"ಹತ್ತರೇನು, ದೂರೇನು?"

"ಹತ್ತರ. ಗ್ವಾಡಿ ಆಚಿ. ನಮ್ಮವ್ವ." ಅವರ ದನಿ ತೀರ ಸಣ್ಣ ಹುಡುಗಿಯದಾಗಿತ್ತು. ಆಮೇಲೆ ಹೆದರಿದವರಂತೆ ನನ್ನ ಕೈ ಹಿಡಿದರು. "ಇವರು ಇಲ್ಲ ಅನ್ನಾಕತ್ತಾರ. ನಿನಗ ಕೇಳತೈತೇನು?"

ನಾನು ಉಸಿರು ಹಿಡಿದು, ಕತ್ತು ವಾಲಿಸಿ, ನಿಜವಾಗಿಯೂ ಆಲಿಸಿದೆ. ಬೀದಿಯಲ್ಲಿ ಆಟೊ ಹೋಯಿತು. ಫ್ಯಾನು ತಿರುಗುತ್ತಿತ್ತು. ನನ್ನ ಹಿಂದೆ ಕೂರುವ ಇಬ್ಬರೂ ಆಗ ಸುಮ್ಮನಿದ್ದರು.

"ಇಲ್ರಿ ಅಕ್ಕಾರ, ನನಗ ಕೇಳಸೂದಿಲ್ಲ. ಆದ್ರ ನಿಮಗ ಕೇಳತೈತಿ ಅನ್ನೋದು ಖರೇ."

ಹಿಡಿದ ಕೈ ಸಡಿಲಾಯಿತು. ಅವರು ದಿಂಬಿಗೆ ತಲೆಯಿಟ್ಟು ಗೋಡೆಯಾಚೆಯದನ್ನು ಹೇಳತೊಡಗಿದರು. ಅವ್ವನ ಬಳೆ ಸದ್ದು, ಹಂಚಿನ ಮೇಲೆ ನೀರು ಸವರಿದ ಸದ್ದು. ಹೇಳುತ್ತಾ ಹೇಳುತ್ತಾ ನಡುವೆ ಒಮ್ಮೆ ನಿಂತರು.

"ಹೂಂ, ಮುಂದ?" ಎಂದೆ.